ಕಡಲಿಗೆ ಹೋದ ಮೊಸರನ್ನ

ಪ್ರಕೃತಿಯ ಮುಂದೆ ಮನುಷ್ಯ ಎಷ್ಟು ಅಲ್ಪನೆಂಬುದು ಕಡಲ ತೀರದಲ್ಲಿ ನಡೆದವನಿಗೇ ಗೊತ್ತು. ನಮಗೆ ಗೊತ್ತಾದದ್ದು ಹಸಿವು. ಗೋಕರ್ಣಕ್ಕೆ ಹೋಗುವ ಕಡಲಂಚಿನ ಕಾಡುದಾರಿಯಲ್ಲಿ ಮನೆಯಿಲ್ಲ, ಹೋಟೆಲಿಲ್ಲ. ನಮ್ಮಲ್ಲಿದ್ದದ್ದು ಒಂದು ಕ್ಯಾರಿಯರ್ ಮೊಸರನ್ನ. ಜೊತೆಗಿದ್ದ ಮೈಸೂರಿನ ನೆರೆಮನೆಯ ಶಾಮಣ್ಣನವರು, ಕಾವೇರಿ ದಡದಲ್ಲಿ ಮಾಡುವಂತೆಯೇ, ಅನ್ನ ಹುಳಿಯಾಗದಿರಲೆಂದು ಅದನ್ನು ನೀರಂಚಿನ ಒದ್ದೆ ಮರಳಿನಲ್ಲಿ ಹೂತಿಟ್ಟರು.

“ಸ್ವಲ್ಪ ಮೇಲಿಡೋಣ, ನೀರು ಬಂದ್ಬುಟ್ರೆ?” ಎಂದೆ.

“ಸುಮ್ನಿರಿ ಸ್ವಾಮಿ. ನಮ್ಮ ಕುಕ್ಕರಹಳ್ಳಿ ಕೆರೆ ಯಾವತ್ತಾದ್ರೂ ಎದ್ದು ಬಂದಿತ್ತಾ?”

ಗುಡ್ಡ ಹತ್ತಿ, ಸಮುದ್ರದರ್ಶನ ಮಾಡಿ ಇಳಿದು ಬಂದಾಗ ಮರಳೇ ಕಾಣಲಿಲ್ಲ. ಪಂಚೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿನಲ್ಲಿ ತಡಕಾಡಿದ ಶಾಮಣ್ಣನವರು ಕೊನೆಗೆ ತೀರ್ಪು ಕೊಟ್ಟರು: “ಕೆರೆ ಇಂಥ ಕೆಲಸ ಮಾಡಲ್ಲ ಕಣ್ರೀ.”

ಸಂಜೆ ಗೋಕರ್ಣ ಸೇರುವವರೆಗೆ ಇಬ್ಬರೂ ಏನೂ ತಿನ್ನಲಿಲ್ಲ.