ತಲೆವಸ್ತ್ರ ತೆಗೆದು ನಿಂತವನು

ಒಂದು ಪ್ರಶ್ನೆ. ನಿಮ್ಮ ಮನೆ ಬಾಗಿಲಿಗೆ ಒಬ್ಬ ಮನುಷ್ಯ ಬರುತ್ತಾನೆ. ತಲೆಗೆ ಸುತ್ತಿದ ವಸ್ತ್ರ ಬಿಚ್ಚುತ್ತಾನೆ. ಮಡಿಸಿ ಕಂಕುಳಲ್ಲಿಟ್ಟುಕೊಂಡು ಸುಮ್ಮನೆ ನಿಲ್ಲುತ್ತಾನೆ. ನೀವು ಏನೆಂದುಕೊಳ್ಳುತ್ತೀರಿ?

ಮಂಡ್ಯದ ಪೇಟೆಯವರಾದರೆ, ಯಾರೋ ಚಂದಾ ಕೇಳುವುದಕ್ಕೆ ಬಂದ ಎಂದುಕೊಂಡು ಹಿತ್ತಲಿಗೆ ಹೋಗಿ ಅವಿತುಕೊಳ್ಳುತ್ತೀರಿ. (ನಾನೂ ಹಾಗೇ ಮಾಡುವವನು.) ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಆಚೀಚಿನ ಹಳ್ಳಿಗಳಲ್ಲಾದರೆ ಹೆಂಗಸರು ಅಳುವುದಕ್ಕೆ ಶುರುಮಾಡುತ್ತಾರೆ. ಸತ್ತದ್ದು ಯಾರು ಎನ್ನುವುದು ಆಮೇಲಿನ ಮಾತು.

ಈ ಸಂಗತಿ ನನಗೆ ಗೊತ್ತಿರಲಿಲ್ಲ. ಅಲ್ಲ, ಇವತ್ತು ಸುಳ್ಳು ಬರೆಯಬಾರದು. ನನಗೆ ಹೇಳಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೋದ ಗುರುವಾರ ಮದ್ದೂರು ಸ್ಟೇಷನ್ನಿನಲ್ಲಿ ನಡೆದದ್ದನ್ನು ಹೇಳಬೇಕು ಎಂದೇ ಕೂತಿದ್ದೇನೆ. ಆದರೆ ಅದಕ್ಕೆ ಮುಂಚೆ ಯೋಹಾನನ ವಿಚಾರ ಹೇಳದಿದ್ದರೆ ನಿಮಗೆ ಏನೂ ತಿಳಿಯುವುದಿಲ್ಲ.

ನಾನು ಕ್ರೈಸ್ತ, ನಿಮಗೆ ಗೊತ್ತೇ ಇದೆ. ತಾತನ ಕಾಲದಿಂದ. ವಾರವೆಲ್ಲ ಮೇಷ್ಟರು, ಭಾನುವಾರ ನಮ್ಮ ಚಿಕ್ಕ ಸಭೆಗೆ ಉಪದೇಶಿ. ವಾರವೆಲ್ಲ ಮಕ್ಕಳ ಮೇಲೆ ರೇಗುತ್ತೇನೆ, ಭಾನುವಾರ ದೊಡ್ಡವರ ಮೇಲೆ. ನಮ್ಮ ಸಭೆಯ ಗೋಡೆಯ ಮೇಲೆ ಲೋಕದ ಒಂದು ಮ್ಯಾಪಿದೆ. ಲೋಕದ ಜನರನ್ನೆಲ್ಲ ಶಿಷ್ಯರನ್ನಾಗಿ ಮಾಡಬೇಕೆಂದು ನಮ್ಮ ಕರ್ತನು ಹೊರಡುವಾಗ ಹೇಳಿಹೋದನಲ್ಲ, ಆ ಆಜ್ಞೆ ಮರೆಯದಿರಲಿ ಎಂದು ತೂಗುಹಾಕಿದ್ದು. ನಾನು ಕ್ಲಾಸಿನ ಕೋಲನ್ನೇ ತಂದು ಆಫ್ರಿಕ ತೋರಿಸುತ್ತಿದ್ದೆ, ಚೀನ ತೋರಿಸುತ್ತಿದ್ದೆ, ಹೆಸರು ಬಾರದ ದ್ವೀಪಗಳನ್ನೆಲ್ಲ ತೋರಿಸುತ್ತಿದ್ದೆ. ಆ ಮ್ಯಾಪಿನಲ್ಲಿ ಮದ್ದೂರು ಇರಲಿಲ್ಲ.

ಯೋಹಾನನ ಹಳೆಯ ಹೆಸರು ಚಿಕ್ಕಮಾರ. ಮದ್ದೂರಿನಾಚೆ ಒಂದು ಹಳ್ಳಿಯ ಕೇರಿಯವನು. ಅವರ ಮನೆತನದ ಕೆಲಸ ಸಾವಿನ ಸುದ್ದಿ ಒಯ್ಯುವುದು. ಊರಿನಲ್ಲಿ ಯಾರೇ ತೀರಿಕೊಳ್ಳಲಿ, ನೆಂಟರಿರುವ ಊರುಗಳಿಗೆ ನಡೆದುಹೋಗಿ ತಿಳಿಸಬೇಕು. ಸುದ್ದಿ ಮುಟ್ಟುವ ತನಕ ಎಲ್ಲೂ ಕೂರುವ ಹಾಗಿಲ್ಲ, ನೀರು ಕುಡಿಯುವ ಹಾಗಿಲ್ಲ. ಗೌಡರ ಮನೆ ಮುಂದೆ ಹೋದಾಗ ಹೆಗಲ ಟವಲು ಸೊಂಟಕ್ಕೆ ಇಳಿಯುವುದು ದಿನದ ರೂಢಿ. ತಲೆವಸ್ತ್ರ ತೆಗೆಯುವುದು ಮಾತ್ರ ಸಾವಿಗೇ ಮೀಸಲು. ಅಪ್ಪ ಮಾಡಿದ್ದ, ಅಜ್ಜ ಮಾಡಿದ್ದ, ಇವನೂ ಮಾಡುತ್ತಿದ್ದ.

ಅವನು ದೀಕ್ಷಾಸ್ನಾನ ಕೇಳಿಕೊಂಡು ಬಂದಾಗ ನಾನು ವಾಡಿಕೆಯಂತೆ ಕೇಳಿದೆ, ‘ಯಾಕಪ್ಪ ನಿನಗೆ ಈ ಮನಸ್ಸು ಬಂತು?’

‘ನನ್ ಮಕ ಕಂಡ್ರೆ ಜನ ಅಳ್ತಾರೆ ಮೇಷ್ಟ್ರೆ’ ಎಂದ. ‘ಉಟ್ಟಿದಾಗ್ಲಿಂದ ಬರೀ ಸಾವ್ನೇ ಒತ್ತಿವ್ನಿ. ನೀವು ಒಳ್ಳೆ ಸುದ್ದಿ ಅಂತೀರಲ್ಲ, ಅದ್ನ ಒಂದ್ ಕಿತ ಒತ್ಕೊಂಡೋಗವ ಅಂತ. ನಾನ್ ಬಂದಿದ್ ಕಂಡು ಯಾರಾರ ಒಬ್ರು ನಗ್ಲಿ ಅಂತ.’

ಎಷ್ಟೋ ಜನ ಎಷ್ಟೋ ಕಾರಣ ಹೇಳಿದ್ದಾರೆ. ಸ್ಕೂಲು, ಔಷಧಿ, ಹೆಂಡತಿಯ ಕಾಟ. ಇಂಥ ಕಾರಣ ನಾನು ಕೇಳಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಬಂದದ್ದು ನಿಜ. ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು, ನಾನು ಕಲಿಸುವುದಕ್ಕೆ ಹೊರಟೆ.

ಸಾವಿನ ಸುದ್ದಿ ಒಯ್ಯುವುದನ್ನು ಬಿಡಿಸಿದೆ. ಸುವಾರ್ತೆ, ಅಂದರೆ ನಮ್ಮ ಕರ್ತನ ಆ ಒಳ್ಳೆ ಸುದ್ದಿ, ಹೇಗೆ ಹೇಳಬೇಕೆಂದು ಬಾಯಿಪಾಠ ಮಾಡಿಸಿದೆ. ಬಾಗಿಲಿಗೆ ಹೋದ ಕೂಡಲೇ ಬಡಬಡ ಮಾತಾಡಬೇಡ, ಒಂದು ನಿಮಿಷ ಕಣ್ಣುಮುಚ್ಚಿ ಪ್ರಾರ್ಥಿಸು ಎಂದೆ. ಆಮೇಲೆ ಇನ್ನೊಂದು ಹೇಳಿದೆ. ದೇವರ ಮಾತು ಹೇಳುವಾಗ ಗಂಡಸು ತಲೆ ಮುಚ್ಚಿರಬಾರದು, ತಲೆವಸ್ತ್ರ ತೆಗೆ.

ಮೊದಲ ವಾರವೇ ಪೆಚ್ಚುಮೋರೆ ಹಾಕಿಕೊಂಡು ವಾಪಸು ಬಂದ. ಹೋದ ಕಡೆಯೆಲ್ಲ ಹೆಂಗಸರು ಕೊಡ ಕೆಳಗಿಟ್ಟು, ‘ಯಾರ್ಲಾ ಓದದ್ದು?’ ಎಂದು ಎದೆ ಬಡಿದುಕೊಂಡರಂತೆ. ಯಾರೂ ಸತ್ತಿಲ್ಲ ಎಂದು ತಿಳಿದ ಮೇಲೆ ಬೈದರಂತೆ.

‘ತಲೆಬಟ್ಟೆ ಒಂದ್ ಇರ್ಲಿ ಬುಡಿ ಮೇಷ್ಟ್ರೆ’ ಎಂದ. ‘ತೆಗುದ್ರೆ ಜನ ಏನೇನೋ ಅನ್ಕೋತಾರೆ.’

‘ಅದೆಲ್ಲ ಮೂಢನಂಬಿಕೆ’ ಎಂದೆ. ‘ಅದನ್ನು ಬಿಡಿಸುವುದಕ್ಕೇ ನಿನ್ನನ್ನು ಕಳಿಸುತ್ತಿರುವುದು.’

ಎಷ್ಟು ಚೆನ್ನಾಗಿ ಹೇಳಿದೆ ನೋಡಿ! ಮೇಷ್ಟರ ಬಾಯಿ. ನನ್ನ ತಾತ ಬಿಟ್ಟು ಬಂದ ಹಳ್ಳಿಯ ರೀತಿ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದೇ ನನಗೆ ಒಂದು ಹೆಚ್ಚುಗಾರಿಕೆಯಾಗಿತ್ತು.

ಇನ್ನೊಂದು ಸಲವೂ ಹೇಳಿದ. ನಾಲೆಯಾಚೆ ಪಕ್ಕದೂರಿಗೆ ಹೊರಟಾಗ. (ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ನನ್ನಿಂದ ಅನುಭವಿಸಿದ್ದು ಸಾಕು.) ‘ಅಲ್ಲಿ ಕೆಂಪಮ್ನೋರು ಅಂತ ಅವ್ರೆ. ಒಬ್ನೇ ಮಗ, ಮಿಲ್ಟ್ರೀಲವ್ನೆ. ಅವನ್ದು ಕಾಗ್ದ ಇಲ್ಲ. ಅವ್ರ ಬಾಗ್ಲಲ್ಲಾರ ತಲೆಬಟ್ಟೆ ಇರ್ಲಿ ಮೇಷ್ಟ್ರೆ.’

‘ಅಂಥವರಿಗೇ ಸಮಾಧಾನ ಬೇಕಾದದ್ದು’ ಎಂದೆ. ‘ಕಲಿಸಿದ ಹಾಗೆ ಮಾಡು. ಹೋಗು.’

ಕೆಂಪಮ್ಮ ಗೌಡರ ಮನೆಯ ಮುದುಕಿ. ಗಂಡ ಹೋಗಿ ಬಹಳ ಕಾಲವಾಗಿತ್ತು. ಮಗ ನಂಜೇಗೌಡ ಸಿಂಗಪುರಕ್ಕೆ ಹೋದವನು. ಸಿಂಗಪುರ ಬಿದ್ದ ಮೇಲೆ ಇದ್ದಾನೋ ಇಲ್ಲವೋ ತಿಳಿದಿಲ್ಲ ಎಂದು ಸರ್ಕಾರದಿಂದ ಇಂಗ್ಲಿಷ್ ಕಾಗದ ಬಂದಿತ್ತು. ಮುದುಕಿ ಅದನ್ನು ರಾಗಿ ವಾಡೆಯ ಮೇಲಿಟ್ಟುಕೊಂಡು, ತಿಳಿದಿಲ್ಲ ಎಂದರೆ ಇದ್ದಾನೆ ಎಂತಲೇ ಅರ್ಥ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳಂತೆ.

ಯೋಹಾನ ಹೋಗಿ ಅವಳ ಬಾಗಿಲಲ್ಲಿ ನಿಂತ. ತಲೆವಸ್ತ್ರ ಬಿಚ್ಚಿದ. ಮಡಿಸಿ ಕಂಕುಳಲ್ಲಿಟ್ಟುಕೊಂಡ. ಕಣ್ಣುಮುಚ್ಚಿದ. ಕಣ್ಣು ಬಿಡುವ ಹೊತ್ತಿಗೆ ಮುದುಕಿ ಹೊಸಲಿನ ಮೇಲೆ ಬಿದ್ದಿದ್ದಳು, ಸುಲಿಯುತ್ತಿದ್ದ ಅವರೆಕಾಳು ಜಗಲಿ ತುಂಬ ಚೆಲ್ಲಿತ್ತು. ಅವನು ಬಾಯಿ ತೆರೆದೇ ಇರಲಿಲ್ಲ.

‘ಇಲ್ಲ ಕಣವ್ವ, ನಿನ್ ಮಗನ್ ಸುದ್ದಿ ಅಲ್ಲ ಕಣವ್ವ, ನಾನ್ ಬೇರೆ ಯೋಳಕ್ ಬಂದೆ’ ಎಂದು ಕೂಗಿಕೊಂಡನಂತೆ. ಯಾರು ಕೇಳುತ್ತಾರೆ? ಅವಳ ಅಣ್ಣ ಸತ್ತಾಗ ಸುದ್ದಿ ತಂದವನು ಇವನೇ. ಅಕ್ಕ ಸತ್ತಾಗಲೂ ಇವನೇ. ಒಂದು ಸಲವೂ ಸುಳ್ಳು ಸುದ್ದಿ ತಂದವನಲ್ಲ. ಈಗ ಪೇಟೆಯ ಮಿಷನ್ನಿನವರ ಜೊತೆಗೆ ಇದ್ದಾನೆ, ಅಲ್ಲಿಗೆ ಸರ್ಕಾರದ ಕಾಗದ ಬಂದಿರಬೇಕು, ಹೇಳಿಕಳಿಸಿದ್ದಾರೆ. ಮುದುಕಿಯ ಲೆಕ್ಕಾಚಾರದಲ್ಲಿ ತಪ್ಪೇನಿತ್ತು ಹೇಳಿ?

ಊರಿನವರು ಅವನಿಗೆ ಹೊಡೆದರು. ಯಾರು ಹೀಗೆ ಮಾಡು ಎಂದದ್ದು ಎಂದು ಕೇಳಿ ಕೇಳಿ ಹೊಡೆದರು. ನನ್ನ ಹೆಸರು ಅವನ ಬಾಯಿಂದ ಬರಲಿಲ್ಲ.

ಊದಿದ ಮುಖ ಹೊತ್ತುಕೊಂಡೇ ಮತ್ತೆ ಮತ್ತೆ ಅವಳ ಬಾಗಿಲಿಗೆ ಹೋದ. ತಲೆವಸ್ತ್ರ ಕಟ್ಟಿಕೊಂಡೇ ಹೋದ. ‘ನಿನ್ ಮಗ ಸತ್ತಿದ್ದು ನಂಗೊತ್ತಿಲ್ಲ ಕಣವ್ವ, ಉಣ್ಣವ್ವ’ ಎಂದು ಬೇಡಿದ. ಕೆಂಪಮ್ಮ ಅವನನ್ನು ಬೈಯಲಿಲ್ಲ. ಅದೇ ಅವನಿಗೆ ತಡೆಯಲಾಗಲಿಲ್ಲ. ‘ಬುಡ್ಲಾ ಚಿಕ್ಕಮಾರ. ನನ್ ಮ್ಯಾಲೆ ಮರುಕುಕ್ಕೆ ಸುಳ್ಳು ಯೋಳ್ತಿದ್ದೀಯ. ನಿಂಗೆ ಸುಳ್ಳು ಯೋಳಕ್ ಬರಲ್ಲ’ ಎಂದಳಂತೆ.

ಅವಳು ಮುದ್ದೆ ಮುಟ್ಟಲಿಲ್ಲ. ಗಂಜಿ ಕುಡಿಸಿದರೆ ಉಗುಳುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಹೋಗಿಬಿಟ್ಟಳು.

ನಾನೇನು ಮಾಡಿದೆ? ಪ್ರಾರ್ಥನೆ ಮಾಡಿದೆ. ಮಂಡ್ಯದಲ್ಲಿ ಕೂತು, ಫ್ಯಾನಿನ ಕೆಳಗೆ. ಆ ವರ್ಷ ಮಿಷನ್ನಿನ ಬಿಳಿಯ ದೊರೆಗಳಿಗೆ ಕಳಿಸುವ ರಿಪೋರ್ಟಿನಲ್ಲಿ, ಹಳ್ಳಿಗಳಲ್ಲಿ ಕೆಲಸ ಸಾಗುತ್ತಿದೆ, ಕೆಲವು ಕಡೆ ವಿರೋಧವಿದೆ ಎಂದು ಬರೆದೆ. ಒಂದು ಹೆಣ ಬಿದ್ದದ್ದಕ್ಕೆ ನಾನು ಇಟ್ಟ ಹೆಸರು ವಿರೋಧ.

ಇದು ಕ್ರೈಸ್ತರ ಮನೆಯ ಜಗಳ ಎಂದು ನೀವು ಮೀಸೆಯಲ್ಲಿ ನಗುವುದು ಬೇಡ. ಖಾದಿ ಪ್ರಚಾರಕ್ಕೆ ಹಳ್ಳಿಗೆ ಹೋಗುವವರು ಯಾರು? ಪ್ಲೇಗಿನ ಸೂಜಿ ಹಿಡಿದುಕೊಂಡು ಹೋಗುವವರು? ಅಕ್ಷರ ಕಲಿಸುತ್ತೇವೆಂದು ಸ್ಲೇಟಿನ ಕಟ್ಟು ಹೊತ್ತು ಹೋಗುವವರು? ನಾವೆಲ್ಲ ಒಂದೇ ಜಾತಿ. ಹೇಳುವುದಕ್ಕೆ ಹೋಗುತ್ತೇವೆ. ಕೇಳುವುದಕ್ಕೆ ಯಾರಾದರೂ ಹೋದದ್ದುಂಟೆ?

ಇರಲಿ. ಗುರುವಾರಕ್ಕೆ ಬರುತ್ತೇನೆ.

ಯುದ್ಧ ಮುಗಿಯಿತಲ್ಲ. ಹೋದ ತಿಂಗಳು ಆ ಊರಿಗೆ ಒಂದು ಕಾಗದ ಬಂತು. ಅವ್ವನಿಗೆ ಎಂದು ಬರೆದಿತ್ತು. ನಂಜೇಗೌಡ ಬದುಕಿದ್ದ. ಜಪಾನಿನವರ ಸೆರೆಯಲ್ಲಿದ್ದು ಬಿಡುಗಡೆಯಾಗಿ, ಆಸ್ಪತ್ರೆಯಲ್ಲಿದ್ದು, ಇಂಥ ಗುರುವಾರ ಬೆಂಗಳೂರಿನ ರೈಲಿನಲ್ಲಿ ಮದ್ದೂರಿಗೆ ಬರುತ್ತೇನೆ ಎಂದು ಬರೆದಿದ್ದ. ಅವ್ವ, ನೀನು ಅಷ್ಟು ದೂರ ನಡೆದುಕೊಂಡು ಬರಬೇಡ ಎಂದೂ ಬರೆದಿದ್ದ.

ಊರಿನ ಪಟೇಲರು ಯೋಹಾನನನ್ನು ಕರೆಸಿದರು. ಅವನ ಹಳೆಯ ಕೆಲಸಕ್ಕೆ ಬೇರೊಬ್ಬ ಬಂದಿದ್ದ, ಆದರೂ ಇವನನ್ನೇ ಕರೆಸಿದರು. ‘ನೀನ್ ಮಾಡಿದ್ದು. ನೀನೇ ಓಗಿ ಯೋಳು’ ಎಂದರಂತೆ.

ಯೋಹಾನ ಮಂಡ್ಯಕ್ಕೆ ಬಂದು ನನಗೆ ತಿಳಿಸಿದ. ಹೋಗಬೇಡ ಎಂದೆ. ಆ ಕೆಲಸ ಬಿಟ್ಟಿದ್ದೀಯಲ್ಲ ಎಂದೆ. ಅವನು ನನ್ನನ್ನು ನೋಡಿದ. ‘ನಾನ್ ತಂದ ಸಾವು ಮೇಷ್ಟ್ರೆ. ಇನ್ಯಾರ್ ಯೋಳ್ತಾರೆ?’ ಎಂದ.

ಹಾಗಾದರೆ ನಾನೂ ಬರುತ್ತೇನೆ, ಹುಡುಗನಿಗೆ ನಾನೇ ಎಲ್ಲ ಹೇಳುತ್ತೇನೆ, ತಪ್ಪು ನನ್ನದು ಎಂದು ಹೇಳುತ್ತೇನೆ ಎಂದೆ. ಆಗ ಮನಃಪೂರ್ವಕವಾಗಿಯೇ ಹೇಳಿದೆ.

ರೈಲು ಬಂತು. ವಡೆಯವರು ಕೂಗುತ್ತ ಓಡಿದರು. ಮೂರನೆಯ ಕ್ಲಾಸಿನ ಡಬ್ಬಿಯಿಂದ ಕಿಟ್ ಬ್ಯಾಗು ಹೊತ್ತ ಒಬ್ಬ ಇಳಿದ. ಮಿಲಿಟರಿ ಅಂಗಿ ಗಳುವಿಗೆ ಒಣಹಾಕಿದ ಹಾಗಿತ್ತು, ಒಳಗೆ ಮೈಯೇ ಇರಲಿಲ್ಲ. ಅತ್ತ ಇತ್ತ ನೋಡಿದ. ಯೋಹಾನನನ್ನು ಕಂಡ.

‘ಲೇ ಚಿಕ್ಕಮಾರ!’

ಬ್ಯಾಗು ಅಲ್ಲೇ ಎಸೆದು ಓಡಿಬಂದ. ಗೌಡರ ಮನೆಯ ಹುಡುಗ, ಕೇರಿಯವನನ್ನು ತುಂಬಿದ ಪ್ಲಾಟ್‌ಫಾರಂನಲ್ಲಿ ಬಾಚಿ ತಬ್ಬಿಕೊಂಡ. ನಗುತ್ತಿದ್ದ. ಅಳುತ್ತಲೂ ಇದ್ದ. ‘ನಮ್ ಕಡೆ ಮಕ ಕಂಡು ಎಸ್ಟ್ ವರ್ಸ ಆಯ್ತು ಕಣ್ಲಾ! ನಿನ್ ಮಕ ಕಂಡ್ನಲ್ಲ, ಇನ್ನೇನ್ ಬೇಕು! ನನ್ ಕರ್ಕೊಂಡೋಗಕ್ ಬಂದ್ಯೇನ್ಲಾ?’

ಹುಟ್ಟಿದಾಗಿನಿಂದ ಯೋಹಾನ ಬಯಸಿದ್ದು ಇದೊಂದೇ. ತಾನು ಬಂದದ್ದು ಕಂಡು ಒಬ್ಬರಾದರೂ ನಗಬೇಕು. ನಕ್ಕ ಹುಡುಗ ಎದುರಿಗಿದ್ದಾನೆ. ಇವನ ಬಾಯಲ್ಲಿ ಇರುವುದು ಆ ಸುದ್ದಿ.

‘ಅವ್ವ ಮನೇಲವ್ಳ? ಮಂಡಿನೋವು ಎಂಗೈತೆ?’

ಯೋಹಾನನ ಕೈ ತಲೆಯ ಹತ್ತಿರ ಹೋಯಿತು. ನಿಂತಿತು. ಕೆಳಗಿಳಿಯಿತು. ತಲೆವಸ್ತ್ರ ತೆಗೆಯದೆ ಹೇಳಿಬಿಡಬೇಕೆಂದು ಅವನು ದಾರಿಯಲ್ಲೇ ನಿಶ್ಚಯಿಸಿಕೊಂಡಿದ್ದ. ‘ಬುದ್ದಿ, ಅವ್ವ ಇಲ್ಲ. ಓಗಿ ವರ್ಸ ಎರಡಾಯ್ತು’ ಎಂದ.

ಹುಡುಗ ಅವನ ಮುಖ ನೋಡಿದ. ಆಮೇಲೆ ತಲೆ ನೋಡಿದ. ಮತ್ತೆ ನಕ್ಕ!

‘ಥೂ, ತಮಾಸೆ ಮಾಡ್ಬ್ಯಾಡ ಕಣ್ಲಾ. ತಲೆಬಟ್ಟೆ ತಲೆ ಮ್ಯಾಲೇ ಐತೆ. ಸಾವು ಯೋಳೋ ತರವೇ ಇದು?’

ನಾನು ನಾಲ್ಕು ಮಾರು ದೂರದಲ್ಲಿದ್ದೆ. ಹೋಗಬೇಕಾದ ಹೊತ್ತು ಅದೇ. ಮುಂದೆ ಹೋಗಿ, ಅಪ್ಪ, ನಾನು ಇಂಥವನು, ನಿನ್ನ ತಾಯಿಗೆ ಹೀಗಾದದ್ದು ನನ್ನಿಂದ ಎಂದು ಹೇಳಬೇಕಾಗಿತ್ತು. ವಡೆಯವನ ಬುಟ್ಟಿಯ ಹಿಂದೆ ನಿಂತೇ ಇದ್ದೆ. ಆಫ್ರಿಕದವರೆಗೆ ಕೋಲು ಚಾಚುವ ನನಗೆ ನಾಲ್ಕು ಮಾರು ದಾಟುವುದಕ್ಕಾಗಲಿಲ್ಲ.

ಯೋಹಾನ ತಲೆವಸ್ತ್ರ ಬಿಚ್ಚಿದ. ಮಡಿಸಿದ. ಕಂಕುಳಲ್ಲಿಟ್ಟುಕೊಂಡ. ಅಪ್ಪ ಅಜ್ಜಂದಿರು ನಿಲ್ಲುತ್ತಿದ್ದ ಹಾಗೆ ನಿಂತ.

ನಂಜೇಗೌಡ ನಿಂತಲ್ಲೇ ಕುಸಿದು ಕೂತ. ರೈಲು ಮಂಡ್ಯದ ಕಡೆಗೆ ಹೊರಟುಹೋಯಿತು. ಬಹಳ ಹೊತ್ತಾದ ಮೇಲೆ ಯೋಹಾನ ಬ್ಯಾಗು ಎತ್ತಿಕೊಂಡ, ಇಬ್ಬರೂ ಮಳವಳ್ಳಿ ರಸ್ತೆ ಹಿಡಿದು ನಡೆದರು. ದಾರಿಯಲ್ಲಿ ಅವನು ಎಲ್ಲವನ್ನೂ ಹೇಳಿದನೋ, ನನ್ನ ಹೆಸರು ಹೇಳಿದನೋ, ನನಗೆ ಗೊತ್ತಿಲ್ಲ. ಹೇಳಿರುವುದಿಲ್ಲ ಎಂದೇ ನನ್ನ ನಂಬಿಕೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಆ ಊರಿನಲ್ಲಿ ಈ ಪತ್ರಿಕೆ ತರಿಸುವವರಿದ್ದರೆ ದಯವಿಟ್ಟು ಹುಡುಗನಿಗೆ ಓದಿ ಹೇಳಿ.

ಈ ಭಾನುವಾರ ಯೋಹಾನ ಆರಾಧನೆಗೆ ಬಂದಿದ್ದ. ಅಷ್ಟು ದೂರ ನಡೆದು ಬಂದಿದ್ದ. ಹಿಂದಿನ ಸಾಲಿನಲ್ಲಿ ಕೂತ. ನಾನು ಪ್ರಾರ್ಥಿಸೋಣ ಎಂದಾಗ ಟೋಪಿಗಳು, ರುಮಾಲುಗಳು ಎಲ್ಲ ಕೆಳಗಿಳಿದವು. ಅವನ ತಲೆವಸ್ತ್ರ ಇಳಿಯಲಿಲ್ಲ. ಸಭೆಯ ಹಿರಿಯರೊಬ್ಬರು ನನ್ನ ಕಡೆಗೆ ನೋಡಿ, ತೆಗೆಯುವುದಕ್ಕೆ ಹೇಳಿ ಎಂದು ಕಣ್ಸನ್ನೆ ಮಾಡಿದರು.

ನೀವೇ ಹೇಳಿ, ಯಾವ ಬಾಯಲ್ಲಿ ಹೇಳಲಿ?