ಒಲೆಯ ಮೇಲಿನ ಬುದ್ಧ

ಆಕೆಯ ಎಡಗಣ್ಣಿನ ಹುಬ್ಬು ಅರ್ಧವೇ ಇತ್ತು. ಮೊದಲ ಸಲ ಗ್ಯಾಸ್ ಒಲೆ ಹಚ್ಚಿದಾಗ ಭುಗ್ಗೆಂದು ಎದ್ದ ಬೆಂಕಿ ಉಳಿದರ್ಧವನ್ನು ಸುಟ್ಟಿತ್ತಂತೆ. ಮತ್ತೆ ಅಲ್ಲಿ ಕೂದಲು ಬರಲಿಲ್ಲ. ಕಾಡಿಗೆ ತೀಡಿ ಮುಚ್ಚಬಹುದಿತ್ತು, ಮುಚ್ಚಲಿಲ್ಲ. ‘ಒಲಿ ಮೊದ್ಲ ನನ್ನ ಹೆದರಿಸಿ ನೋಡ್ತು. ಈಗ ನಾ ಹೇಳ್ದಂಗ ಕೇಳತೈತಿ’ ಎನ್ನುತ್ತಿದ್ದಳು.

ನಾನು ಧಾರವಾಡದ ಕಾಲೇಜೊಂದರಲ್ಲಿ ಪಾಠ ಹೇಳುವವಳು. ಒಂದು ದಸರಾ ರಜೆಯಲ್ಲಿ, ನನ್ನ ಮೊದಲ ಪುಸ್ತಕದ ಕರಡು ತಿದ್ದಲೆಂದು, ಶಿರಗುಪ್ಪಿಯ ಆಚೆ ಹೊಲಗಳ ನಡುವೆ ಒಂದು ಮನೆಯನ್ನು ಎಂಟು ದಿನಕ್ಕೆ ಹಿಡಿದಿದ್ದೆ. ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯೊಬ್ಬರು ರಜೆಗೆ ಬರುವ ಪೇಟೆಯವರಿಗೆಂದೇ ಕಟ್ಟಿಸಿದ ಮೂರು ಹೆಂಚಿನ ಮನೆಗಳವು. ಮಳೆ ಬಿಟ್ಟಿತ್ತು, ಸುತ್ತಲಿನ ಎರೆಭೂಮಿಯಲ್ಲಿ ಹಿಂಗಾರಿ ಬಿತ್ತನೆ ನಡೆದಿತ್ತು. ಅಂಗಳದಲ್ಲಿ ಆಳೆತ್ತರದ ಬಿಳಿ ಸಿಮೆಂಟಿನ ಬುದ್ಧ, ಅವನ ಕಾಲಬುಡದಲ್ಲಿ ಕಾರಂಜಿ. ಬಂದವರೆಲ್ಲ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮೂರೂ ಮನೆಗಳ ಅಡುಗೆ ಆ ಅರ್ಧ ಹುಬ್ಬಿನಾಕೆಯದು; ಬಂದವರೆಲ್ಲ ಆಕೆಯನ್ನು ಅಕ್ಕ ಎನ್ನುತ್ತಿದ್ದರು.

ಮೊದಲ ದಿನ ಊಟಕ್ಕೆ ಕೂತವಳೇ ಕೇಳಿದೆ, ‘ಅಡ್ಡಹೆಸರೇನ್ರಿ ಅಕ್ಕಾ?’ ನಮ್ಮ ಕಡೆ ಜಾತಿ ಕೇಳುವ ಮರ್ಯಾದಸ್ಥ ದಾರಿ ಇದು. ಓದಿದವರೇ ಹೆಚ್ಚಾಗಿ ಈ ದಾರಿ ಹಿಡಿಯುತ್ತೇವೆ.

ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ‘ಸುತ್ತಿ ಬಳಸಿ ಯಾಕ ಕೇಳ್ತೀರಿ ಬಾಯಾರ? ಸೀದಾ ಕೇಳ್ರಿ, ಸೀದಾ ಹೇಳ್ತೇನಿ.’ ಒಲೆಯ ಮೇಲಿನ ಗೋಡೆಯಲ್ಲಿ ಕಟ್ಟು ಹಾಕಿಸಿದ ಬುದ್ಧನ ಫೋಟೋ ಇತ್ತು. ಹಿಟ್ಟಿನ ಕೈಯಿಂದಲೇ ಅದನ್ನು ತೋರಿಸಿದಳು. ‘ನಾವು ಅವರ ಮಂದಿ. ನಮ್ಮ ಅಜ್ಜನ ಕಾಲಕ್ಕ ಊರ ಹೊರಗಿನ ಕೇರಿಯವರು. ರೊಟ್ಟಿ ಹಾಕ್ಲ್ಯೋ ಬ್ಯಾಡೋ?’

‘ಹಾಕ್ರಿ’ ಅಂದೆ. ಮೊದಲ ತುತ್ತಿಗೆ ಗಂಟಲು ಒಂದು ಗಳಿಗೆ ತಡೆಯಿತು. ಮುಚ್ಚಿಟ್ಟು ಏನಾಗಬೇಕು? ಆಕೆ ಅದನ್ನು ಕಂಡಳು. ಪುಂಡಿಪಲ್ಯದ ಮೇಲೆ ಇನ್ನಷ್ಟು ಎಣ್ಣೆ ಬಿಟ್ಟು, ‘ಈಗ ಇಳೀತೈತಿ ತಗೋರಿ’ ಅಂದಳು.

ಇಳಿಯಿತು. ಎರಡು ರೊಟ್ಟಿಯವಳು ನಾಲ್ಕಕ್ಕೆ ಬಂದೆ. ಊಟದ ಜೊತೆ ಕರಡು ಹಿಡಿದರೆ ಕಸಿದು ಆಚೆಗಿಡುತ್ತಿದ್ದಳು. ‘ಹಾಳಿಗೂ ಅನ್ಯಾಯ, ರೊಟ್ಟಿಗೂ ಅನ್ಯಾಯ.’

ಆರನೆಯ ದಿನ ಮಾಲೀಕರು ಬಂದರು. ಮರುದಿನ ದೊಡ್ಡ ಕುಟುಂಬವೊಂದು ಬರುವುದಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು, ‘ಆ ಫೋಟೋ ಎರಡು ದಿನ ತಗದಿಡವಾ. ಅಡ್ಡಹೆಸರು ಕೇಳಿದ್ರ ಬ್ಯಾರೆ ಏನರ ಹೇಳು. ನನಗೇನೂ ಇಲ್ಲ, ಬರೋ ಮಂದಿ ಹಂಗದಾರ’ ಎಂದರು.

ಅಕ್ಕ ಅಂಗಳದ ಕಡೆ ಕೈ ಮಾಡಿದಳು. ‘ಅಲ್ಲಿ ಕುಂತಾರಲ್ರಿ, ಅವರ‍್ಯಾರು?’

‘ಅದು ಚಂದ ಕಾಣ್ಲಿ ಅಂತ ಇಟ್ಟದ್ದು.’

‘ಹೊರಗ ಕುಂತ್ರ ಚಂದ, ಒಲಿ ಮ್ಯಾಲ ಕುಂತ್ರ ಮೈಲಿಗಿ ಏನ್ರಿ? ಮೊದ್ಲ ಅವರನ್ನ ನೀವು ತಗೀರಿ. ಆಮ್ಯಾಲ ಇವರನ್ನ ನಾ ತಗೀತೇನಿ.’

‘ಹಂಗಾದ್ರ ನಾಳಿಂದ ಬರಬ್ಯಾಡ’ ಎಂದ ಮಾಲೀಕರು ಜಗುಲಿಯಲ್ಲಿದ್ದ ನನ್ನ ಕಡೆ ತಿರುಗಿದರು. ‘ನೀವರ ತಿಳಿಸಿ ಹೇಳ್ರಿ ಬಾಯಾರ.’

ಹೇಳಿದೆ, ಹೌದು. ‘ಎರಡು ದಿನ ಅಲ್ಲೇನ್ರಿ ಅಕ್ಕಾ’ ಅಂದೆ. ಆಕೆಯ ಕೆಲಸ ಉಳಿಯಲೆಂದು ಹಾಗೆಂದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನಗೆ ಜಗಳ ಬೇಡವಾಗಿತ್ತು, ಅಷ್ಟೇ.

ಆಕೆ ನನ್ನ ಮಡಿಲಲ್ಲಿದ್ದ ಕರಡಿನ ಮೊದಲ ಹಾಳೆ ನೋಡಿದಳು. ಅಲ್ಲಿ ನನ್ನ ಹೆಸರು, ಅದರ ಜೊತೆ, ಕೇಳಿದ ಕೂಡಲೇ ‘ಬರ್ರಿ, ಒಳಗ ಬರ್ರಿ’ ಎನ್ನಿಸುವ ನನ್ನ ಅಡ್ಡಹೆಸರು. ‘ಎರಡು ದಿನ ನೀವು ನಿಮ್ಮದು ಬಿಟ್ಟಿರ್ರಿ, ನೋಡೋಣು’ ಅಂದಳು. ಒಲೆ ಆರಿಸಿ, ಕೈ ತೊಳೆದು, ಫೋಟೋ ಇಳಿಸಿ ಸೆರಗಿನಿಂದ ಒರೆಸಿ, ಅದನ್ನು ತನ್ನ ಜೊತೆಗೇ ತೆಗೆದುಕೊಂಡು ಹೊಲದ ದಾರಿ ಹಿಡಿದಳು. ನಾದಿದ ಹಿಟ್ಟು ಪರಾತದಲ್ಲೇ ಒಣಗಿತು.

ವರ್ಷ ಕಳೆದ ಮೇಲೆ, ಹುಬ್ಬಳ್ಳಿ-ಧಾರವಾಡದ ನಡುವಿನ ನವನಗರದಲ್ಲಿ ಬಸ್ಸಿನ ಕಿಟಕಿಯಿಂದ ಒಂದು ಬೋರ್ಡು ಕಂಡಿತು. ನಮ್ಮ ಕಡೆ ಎಷ್ಟೋ ಖಾನಾವಳಿಗಳ ಬೋರ್ಡಿನ ಮೇಲೆ, ಊಟದ ಮಾತಿಗಿಂತ ಮೊದಲು, ಯಾವ ಮಂದಿಯದೆಂದು ಬರೆಸಿರುತ್ತಾರೆ. ಅಲ್ಲಿ ನೀಲಿ ಅಕ್ಷರದಲ್ಲಿ ‘ಬೌದ್ಧರ ಖಾನಾವಳಿ’ ಎಂದಿತ್ತು. ಕೆಳಗೆ ಬಾಗಿಲಲ್ಲಿ ಅರ್ಧ ಹುಬ್ಬಿನ ಮುಖ. ಅವತ್ತು ಇಳಿಯುವ ಧೈರ್ಯವಾಗಲಿಲ್ಲ. ಮರುದಿನ, ಅಷ್ಟರಲ್ಲಿ ಅಚ್ಚಾಗಿ ಬಂದಿದ್ದ ನನ್ನ ಪುಸ್ತಕ ಹಿಡಿದುಕೊಂಡು ಹೋದೆ.

‘ಬರ್ರಿ ಬಾಯಾರ. ಹಿಂಗ ಬರಸಿದ್ರ ನಾಯೀನೂ ಬರಂಗಿಲ್ಲ ಅಂದ್ರು. ಒಂದು ತಿಂಗಳು ಬರೇ ನೊಣ ಹೊಡದೆ. ಎಲ್ಲಾರೂ ತಮ್ಮ ಮಂದಿ ಹೆಸರು ಬರಸ್ಯಾರ, ನಾ ಯಾಕ ಬಿಡ್ಲಿ?’ ನಾಲ್ಕು ಮೇಜುಗಳಲ್ಲಿ ಮೂರು ತುಂಬಿದ್ದವು. ಬುದ್ಧ ದುಡ್ಡಿನ ಗಲ್ಲೆಯ ಮೇಲಿದ್ದ, ಬಂದವರಿಗೆಲ್ಲ ಎದುರಾಗಿ.

ಪುಸ್ತಕ ಕೊಟ್ಟೆ. ಮುಖಪುಟದಲ್ಲಿ ನನ್ನ ಹೆಸರಷ್ಟೇ ಇತ್ತು, ಅಡ್ಡಹೆಸರು ಇರಲಿಲ್ಲ. ಬೆರಳಿಟ್ಟು ಓದಿದಳು.

‘ಬಿಟ್ರಿ?’

‘ಬಿಟ್ಟೇನ್ರಿ.’ ಮೆಚ್ಚುತ್ತಾಳೆಂದು ಕಾದೆ.

‘ನಿಮಗ ಬಿಡೂದು ಹಗುರ ಬಾಯಾರ. ಬಿಟ್ರ ಮಂದಿ ಹೊಗಳ್ತಾರ. ನಮಗ ಹೇಳ್ಕೊಳ್ಳೂದು ವಜ್ಜಿ. ಹೇಳ್ಕೊಂಡ್ರ ಗಿರಾಕಿ ಎದ್ದು ಹೋಗ್ತಾರ. ಹೋಗ್ಲಿ. ನೀವು ಉಣ್ರಿ.’

ಮೊದಲ ತುತ್ತಿಗೆ ಅವತ್ತೂ ಗಂಟಲು ತಡೆಯಿತು. ಈ ಸಲ ನಾಚಿಕೆಗೆ. ಅಕ್ಕ ಎಣ್ಣೆಯ ಗಿಂಡಿ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

ಆಕೆಯ ಋಣ ದೊಡ್ಡದು. ತೀರಿಸುವ ದಾರಿ ನನಗೆ ಒಂದೇ ಗೊತ್ತು. ಕಾಲೇಜಿನಲ್ಲಿ ‘ಇವತ್ತು ಊಟ ಎಲ್ಲಿ ಮಾಡಿದ್ರಿ?’ ಎಂದು ಯಾರಾದರೂ ಕೇಳಿದರೆ, ಆ ಬೋರ್ಡನ್ನು ಇದ್ದದ್ದು ಇದ್ದಂತೆ, ಗಟ್ಟಿಯಾಗಿ ಓದಿ ಹೇಳುತ್ತೇನೆ. ಕೆಲವರ ಗಂಟಲು ತಡೆಯುತ್ತದೆ. ತಡೆಯಲಿ.