ಪೊರೆ ಬಂದಿದೆ

ಅವರ ಬಲಗೈಯ ಹೆಬ್ಬೆರಳಿಗೆ ಉಗುರಿರಲಿಲ್ಲ. ಸಲ್ಮಾಬಾದಿನ ಗೋಡೌನಿನಲ್ಲಿ ಕೆಲಸಕ್ಕಿದ್ದಾಗ ಕಬ್ಬಿಣದ ಷಟರ್ ಬಿದ್ದು ಹೋದದ್ದು ಮತ್ತೆ ಬೆಳೆಯಲೇ ಇಲ್ಲ. ಉಗುರಿರಬೇಕಾದ ಜಾಗದಲ್ಲಿ ನಸುಗೆಂಪು ಚರ್ಮ, ಎಳೆಮಗುವಿನ ಹಿಮ್ಮಡಿಯಷ್ಟು ಮೆತ್ತಗೆ. ಬಹರೈನಿನ ರಿಫಾದಲ್ಲಿರುವ ನಮ್ಮ ಕಟ್ಟಡಕ್ಕೆ ಅವರು ನಾತೂರ್. ಗೇಟಿನಿಂದ ಹಿಡಿದು ತಾರಸಿಯ ನೀರಿನ ಟ್ಯಾಂಕಿನವರೆಗೆ ಎಲ್ಲವನ್ನೂ ನೋಡಿಕೊಳ್ಳುವವರು. ಉಪ್ಪಿನಂಗಡಿ ಕಡೆಯ ಬ್ಯಾರಿ. ನಾವೆಲ್ಲ ಕಾಕ ಎನ್ನುತ್ತಿದ್ದೆವು.

ಕಾಕನ ಮಾತಿಗೊಂದು ವಿಚಿತ್ರ ರೀತಿಯಿತ್ತು. ಯಾರ ವಿಷಯ ಎಂದು ಹೇಳುತ್ತಲೇ ಇರಲಿಲ್ಲ. "ಬಂದಿದ್ದಾರೆ" ಎನ್ನುವರು, ಗ್ಯಾಸಿನವರೋ ಮನೆ ಮಾಲೀಕರೋ ನಾವೇ ಊಹಿಸಬೇಕು. ತಮ್ಮ ಬಗ್ಗೆಯಂತೂ 'ನಾನು' ಎಂದದ್ದು ಕೇಳಿದ ನೆನಪಿಲ್ಲ. "ಸ್ವಲ್ಪ ಜ್ವರ ಉಂಟು" ಎಂದರೆ ಜ್ವರ ಅವರಿಗೇ ಎಂದು ಮುಖ ನೋಡಿ ತಿಳಿಯಬೇಕಿತ್ತು. ನಾನೋ ಕ್ಲಿನಿಕ್ಕೊಂದರ ರಿಸೆಪ್ಶನ್ನಿನಲ್ಲಿ ಕೂರುವವಳು. ಎದುರಿನವರು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧವನ್ನು ನಾನೇ ಹೇಳಿ ಮುಗಿಸುವ ಚಾಳಿ ನನಗೆ. ಅದನ್ನು ಜಾಣತನ ಎಂದುಕೊಂಡಿದ್ದೆ.

ಎದುರು ಫ್ಲ್ಯಾಟಿನ ಟೀಚರೊಬ್ಬರು ಬಹರೈನ್ ಬಿಟ್ಟು ಹೋಗುವಾಗ ನನ್ನ ಮಗಳಿಗೆ ತಮ್ಮ ಹಾವನ್ನು ಕೊಟ್ಟು ಹೋದರು. ಕಿತ್ತಳೆ ಬಣ್ಣದ, ವಿಷವಿಲ್ಲದ, ಗಾಜಿನ ಪೆಟ್ಟಿಗೆಯ ಹಾವು. ನಾನು ಉಡುಪಿ ಕಡೆಯವಳು. ಹಾವು ಎನ್ನಲೂ ಹೆದರಿ 'ಹುಳ' ಎನ್ನುವ ಮನೆಯಲ್ಲಿ ಬೆಳೆದವಳು. ಊರಿಗೆ ಹೋದಾಗ ನಾಗನಿಗೆ ಹಾಲೆರೆಸುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಒಪ್ಪಿದೆ.

ಮೊದಲ ಸಲವೇ ಅದರ ಪೊರೆ ಸರಿಯಾಗಿ ಬಿಡಲಿಲ್ಲ. ಸದಾ ಎಸಿ ಓಡುವ ಮನೆ. ಒಣಗಾಳಿಗೆ ಪೊರೆ ಮೈಗೆ ಅಂಟಿ, ತುಂಡು ತುಂಡಾಗಿ ಹರಿದು, ಬಾಲದ ತುದಿಯಲ್ಲಿ ಬಳೆಯ ಹಾಗೆ ಬಿಗಿದುಕೊಂಡಿತ್ತು. ಎರಡೂ ಕಣ್ಣಿನ ಮೇಲೆ ಮಬ್ಬು ಬಿಲ್ಲೆಗಳು. ಮಗಳು ಅಳತೊಡಗಿದಳು. ಹೆದರಿಕೆಯನ್ನೆಲ್ಲ ನುಂಗಿ ನಾನು ಹುಬ್ಬು ಕೀಳುವ ಚಿಮಟ ಹಿಡಿದುಕೊಂಡು ಬಂದೆ. ಎಸಿ ಸೋರುವುದನ್ನು ನೋಡಲು ಬಂದಿದ್ದ ಕಾಕ ನನ್ನ ಕೈಯಿಂದ ಚಿಮಟವನ್ನು ಮೆಲ್ಲಗೆ ತೆಗೆದುಕೊಂಡರು.

"ಎಳೀಬೇಡಿ ಅಕ್ಕ. ಎಳೆದ್ರೆ ಪೊರೆ ಒಟ್ಟಿಗೆ ಕಣ್ಣೂ ಬರ್ತದೆ."

ಬೇಸಿನ್ನಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿಸಿದರು. ಹಾವನ್ನು ಅರ್ಧ ಗಂಟೆ ಅದರಲ್ಲಿಟ್ಟು, ಮತ್ತೆ ಒದ್ದೆ ಟವೆಲಿನ ಮಡಿಕೆಯೊಳಗೆ ಹರಿಯಲು ಬಿಟ್ಟರು. ಅದು ಮುಂದಕ್ಕೆ ಹೋದಂತೆ ಉಗುರಿಲ್ಲದ ಆ ಹೆಬ್ಬೆರಳನ್ನು ಮೈಮೇಲೆ ಸುಮ್ಮನೆ ಇಟ್ಟುಕೊಂಡಿದ್ದರು, ಅಷ್ಟೆ. ಪೊರೆ ತಾನಾಗಿ ಜಾರಿ ಟವೆಲಿನಲ್ಲಿ ಉಳಿಯಿತು. ಬಾಲದ ಬಳೆ ಬಿಡಲು ಮಧ್ಯಾಹ್ನವಾಯಿತು.

"ಇದೆಲ್ಲ ಎಲ್ಲಿ ಕಲ್ತದ್ದು ಕಾಕ?"

"ಫಿಲಿಪಿನೋ ಒಬ್ಬ ಸಾಕಿದ್ದ. ರೂಮಲ್ಲಿ ಆರು ಜನ. ಏಳನೇದು ಅದು."

ಕಣ್ಣಿನ ಬಿಲ್ಲೆಗಳು ಮಾತ್ರ ಬರಲಿಲ್ಲ. "ಬಿಡಿ. ಮುಂದಿನ ಪೊರೆ ಒಟ್ಟಿಗೆ ಅದೇ ಕಳಚಿ ಬೀಳ್ತದೆ. ನಾವು ಕಾಯ್ಬೇಕು" ಎಂದರು. ಹಾಗೆಯೇ ಆಯಿತು. ಆಮೇಲೆ ಪೊರೆ ಬಿಡುವ ಮುಂಚೆ ಹಾವಿನ ಕಣ್ಣು ಮಬ್ಬಾದಾಗಲೆಲ್ಲ ಕಾಕ ಮೇಲೆ ಬರುತ್ತಿದ್ದರು. ಕಳಚಿದ ಪೊರೆಯನ್ನು ಪೇಪರಿನಲ್ಲಿ ಸುತ್ತಿ, ಮೇಲೆ ತಾರೀಕು ಬರೆದು ಮಗಳಿಗೆ ಕೊಡುತ್ತಿದ್ದರು. ಇಂಗ್ಲಿಷಿನಲ್ಲೇ ಮಾತಾಡುವ ಅವಳು ಅವರಿಂದ ಕಲಿತ ಕನ್ನಡ ಮಾತು 'ಕಣ್ಣಿಗೆ ಪೊರೆ ಬಂದಿದೆ'.

ಕೊನೆಯ ವರ್ಷ ಅವರು ಬೀಗದ ಕೈಗಳನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದರು. "ಕನ್ನಡಕ ಮಾಡಿಸಿ ಕಾಕ, ಒಂದಿನ ಬೇರೆಯವರ ಮನೆಗೆ ನುಗ್ತೀರಿ" ಎಂದು ನಾನೇ ತಮಾಷೆ ಮಾಡಿದ್ದೆ. ಅವರು ನಕ್ಕರು. ಕಣ್ಣು ಕಾಣದ ನಾತೂರನನ್ನು ಯಾರೂ ಇಟ್ಟುಕೊಳ್ಳುವುದಿಲ್ಲ ಎಂದು ನನಗಾಗ ಹೊಳೆಯಲಿಲ್ಲ.

ರಜೆಗೆ ಊರಿಗೆ ಹೊರಟಾಗ ಮನೆಯ ಕೀಲಿಯನ್ನೂ ಹಾವನ್ನೂ ಅವರಿಗೇ ಒಪ್ಪಿಸಿದೆವು. ಆಗಾಗ ಫೋನ್ ಮಾಡುವರು. "ನೀರು ಕುಡಿದಿದೆ. ಸುಖ ಉಂಟು." ಅಷ್ಟೇ. ಹದಿನೈದನೆಯ ದಿನ ನಾನು ಮದುವೆ ಮನೆಯೊಂದರ ಊಟದ ಪಂಕ್ತಿಯಲ್ಲಿದ್ದಾಗ ಮತ್ತೆ ಫೋನ್ ಬಂತು.

"ಅಕ್ಕ, ಕಣ್ಣಿಗೆ ಪೊರೆ ಬಂದಿದೆ. ಎರಡಕ್ಕೂ. ಈಗ ಏನೂ ಕಾಣುವುದಿಲ್ಲ. ಎಂತ ಮಾಡುವುದು?"

"ಅಯ್ಯೋ ಕಾಕ, ನೀವೇ ಹೇಳಿಕೊಟ್ಟದ್ದಲ್ವಾ? ಒಂದು ವಾರ ಮುಟ್ಬೇಡಿ. ಅದೇ ಕಳಚಿ ಬೀಳ್ತದೆ."

"ಬೀಳ್ತದಾ?" ಎಂದರು.

"ಬೀಳದೆ ಎಲ್ಲಿ ಹೋಗ್ತದೆ!"

"ಆಯ್ತು. ನೀವು ಹೇಳಿದ ಮೇಲೆ ಆಯ್ತು."

ಎಲೆಗೆ ಪಾಯಸ ಬಂದಿತ್ತು. ಫೋನ್ ಇಟ್ಟೆ.

ನಾವು ಮರಳಿದಾಗ ಕೀಲಿ ಕೊಟ್ಟವರು ಕೆಳಗಿನ ಕೋಲ್ಡ್ ಸ್ಟೋರ್ ಎಂಬ ದಿನಸಿ ಅಂಗಡಿಯ ಕಾಸರಗೋಡಿನವರು. ನಾಲ್ಕು ದಿನದ ಹಿಂದೆ ಬೆಳಿಗ್ಗೆ ಕಾಕ ಟ್ಯಾಂಕು ನೋಡಲು ತಾರಸಿಗೆ ಹೋಗಿದ್ದರಂತೆ. ಇಳಿಯುವಾಗ ಮೆಟ್ಟಿಲು ತಪ್ಪಿತು. ಆಸ್ಪತ್ರೆ ತಲುಪುವಾಗ ಉಸಿರಿರಲಿಲ್ಲ. ಇಲ್ಲಿಯೇ ಮಣ್ಣು ಮಾಡಿದರು.

"ಎರಡು ಕಣ್ಣಿಗೂ ಪೊರೆ ಬಂದಿತ್ತಲ್ಲ ಮೇಡಂ" ಎಂದರು ಅವರು. "ಡಾಕ್ಟರಿಗೆ ತೋರಿಸಿ ಅಂತ ನಾನು ಹೇಳಿದ್ದೆ. ಕ್ಲಿನಿಕ್ಕಿನ ಅಕ್ಕನತ್ರ ಕೇಳಿ ಆಗಿದೆ, ವಾರದಲ್ಲಿ ಅದೇ ಹೋಗ್ತದಂತೆ ಅಂದ್ರು."

ನಾನು ಹಾವಿನ ವಿಷಯ ಹೇಳಿದ್ದು ಎನ್ನಲು ಹೊರಟವಳು, ಕೀಲಿ ಹಿಡಿದು ಮೇಲೆ ಓಡಿದೆ. ಹಾವು ಹೊಳೆಯುವ ಕಣ್ಣುಗಳಿಂದ ನನ್ನನ್ನೇ ನೋಡುತ್ತಿತ್ತು. ಪೆಟ್ಟಿಗೆಯ ಮೇಲೆ ಪೇಪರಿನ ಪೊಟ್ಟಣವಿತ್ತು. ಒಳಗೆ ತಲೆಯಿಂದ ಬಾಲದವರೆಗೆ ಎಲ್ಲೂ ಹರಿಯದ ಪೊರೆ, ಕಣ್ಣಿನ ಬಿಲ್ಲೆಗಳ ಸಮೇತ. ಮೇಲೆ ದೊಡ್ಡ ದೊಡ್ಡ ಅಂಕಿಗಳಲ್ಲಿ, ಸಾಲು ತಪ್ಪಿದ ತಾರೀಕು. ನಾವು ವಿಮಾನ ಹತ್ತಿದ ನಾಲ್ಕನೆಯ ದಿನದ್ದು. ಅವರು ಫೋನ್ ಮಾಡುವಾಗ ಹಾವಿನ ಕಣ್ಣು ತಿಳಿಯಾಗಿ ಹನ್ನೊಂದು ದಿನವಾಗಿತ್ತು.

ಅವರು ನನ್ನ ಮಾತನ್ನು ನಿಜಕ್ಕೂ ನಂಬಿದರೋ, ನನ್ನ ಅವಸರ ಕಂಡು ಸುಮ್ಮನಾದರೋ ಗೊತ್ತಿಲ್ಲ. "ಬೀಳ್ತದಾ?" ಎಂದ ಆ ಸ್ವರ ಕ್ಲಿನಿಕ್ಕಿನ ಪ್ರತಿ ಫೋನಿನಲ್ಲೂ ಕೇಳುತ್ತದೆ. ಈಗ ನಾನು ಯಾರ ಮಾತನ್ನೂ ನಡುವೆ ಮುಗಿಸುವುದಿಲ್ಲ. ಅದರಿಂದ ಕಾಕನಿಗೆ ಏನೂ ಆಗಬೇಕಾದ್ದಿಲ್ಲ.

ಪೊರೆ ಬಿಡಿಸುವುದು ಈಗ ನನ್ನ ಕೆಲಸ. ಉಗುರನ್ನು ಬುಡದವರೆಗೆ ಕತ್ತರಿಸಿಕೊಂಡು ಕೂರುತ್ತೇನೆ. ಹೋದ ವಾರ ಮಗಳು ಕೋಣೆಯಿಂದ ಕೂಗಿದಳು:

"ಅಮ್ಮಾ, ಕಣ್ಣಿಗೆ ಪೊರೆ ಬಂದಿದೆ!"

ಕೈಯಲ್ಲಿದ್ದುದನ್ನು ಬಿಟ್ಟು ಎದ್ದೆ. ಬಾಗಿಲಲ್ಲಿ ನಿಂತು, ಪ್ರತಿ ಸಲದಂತೆ ಕೇಳಿದೆ:

"ಯಾರ ಕಣ್ಣಿಗೆ?"